ಐಚ್ಛಿಕ ಸರಿ, ಆದ್ರೆ ಯಾರಿಗೆ ಐಚ್ಛಿಕ?

ನಮ್ಮ ಕ್ಲಬ್ ಜೂನಿಯರ್‌ಗಳಿಗೋಸ್ಕರ ಒಂದು ವಿಕಿ ಶುರು ಮಾಡ್ತಿದೆ. ಯಲಹಂಕದಲ್ಲಿ ಪಿಜಿ ಎಲ್ಲಿ ಸಿಗುತ್ತೆ, ಯಶವಂತಪುರ ಸ್ಟೇಷನ್‌ನಿಂದ ಕಾಲೇಜಿಗೆ ಬರೋದು ಹೇಗೆ, ಲ್ಯಾಬ್ ನೋಟ್ಸ್ ಎಲ್ಲಿದೆ, ಎಲ್ಲಾ ಕನ್ನಡದಲ್ಲಿ. ಒಳ್ಳೆ ಕೆಲಸ. ಆದರೆ ಬರೆಯುವ ನಿಯಮಗಳ ವಿಷಯ ಬಂದಾಗಲೆಲ್ಲ ಒಂದೇ ಮಾತು: "ಕಷ್ಟ ಇರೋದನ್ನೆಲ್ಲ ಆಪ್ಷನಲ್ ಮಾಡ್ಬಿಡೋಣ." ಈ ಮಾತಿಗೆ ನನ್ನ ತಕರಾರಿದೆ. ಯಾರಿಗೆ ಐಚ್ಛಿಕ ಅಂತ ಹೇಳದಿದ್ದರೆ ಅದು ನಿಯಮವೇ ಅಲ್ಲ.

ಹಾಸ್ಟೆಲ್‌ನಲ್ಲಿರೋ ಟೈಪ್-ಸಿ ಕೇಬಲ್‌ಗಳನ್ನೇ ತಗೊಳ್ಳಿ. ನೋಡೋಕೆ ಎಲ್ಲಾ ಒಂದೇ ಥರ. ಒಂದನ್ನು ಹಾಕಿದರೆ ಲ್ಯಾಪ್‌ಟಾಪ್‌ನ ವಿಡಿಯೋ ಮಾನಿಟರ್‌ಗೆ ಹೋಗುತ್ತೆ, ಇನ್ನೊಂದರಲ್ಲಿ ಚಾರ್ಜ್ ಆಗುತ್ತೆ, ವಿಡಿಯೋ ಹೋಗಲ್ಲ. ಟೈಪ್-ಸಿಯಲ್ಲಿ ವಿಡಿಯೋ ಐಚ್ಛಿಕ. ಆಯ್ಕೆ ಮಾಡಿದ್ದು ಕಂಪನಿ, ಸೆಮಿನಾರ್ ದಿನ ಒದ್ದಾಡೋದು ನಾವು.

ವಿಕಿಗಳ ಕಥೆಯೂ ಹೀಗೇ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ತೆರೆದರು. ಆಮೇಲೆ ಬಂದ ಸಾಫ್ಟ್‌ವೇರ್‌ಗಳು ತಂತಮ್ಮ ಗುರುತುಗಳನ್ನು ಇಟ್ಟುಕೊಂಡವು. ಅಕ್ಷರ ದಪ್ಪ ಮಾಡೋಕೆ ವಿಕಿಪೀಡಿಯದಲ್ಲಿ ಎರಡೂ ಕಡೆ ಮೂರು ಮೂರು ಉದ್ಧರಣ ಚಿಹ್ನೆ, ಮಾರ್ಕ್‌ಡೌನ್‌ನಲ್ಲಿ ಎರಡೆರಡು ನಕ್ಷತ್ರ, ವಾಟ್ಸಾಪ್‌ನಲ್ಲಿ ಒಂದೊಂದೇ. ಎಲ್ಲಾ ವಿಕಿಗಳಿಗೂ ಒಂದೇ ಗುರುತು ಇರಲಿ ಅಂತ 2007ರಲ್ಲಿ ವಿಕಿ ಕ್ರಿಯೋಲ್ 1.0 ಬಂತು. ಜಾಣತನದಿಂದ ಅದನ್ನು ಚಿಕ್ಕದಾಗಿ ಇಟ್ಟರು: ದಪ್ಪ, ಓರೆ, ಶೀರ್ಷಿಕೆ, ಲಿಂಕ್, ಪಟ್ಟಿ, ಕೋಷ್ಟಕ, ಇಂಥವಷ್ಟೇ. ಸೂಪರ್‌ಸ್ಕ್ರಿಪ್ಟ್, ಸಬ್‌ಸ್ಕ್ರಿಪ್ಟ್ ಥರದವು ಐಚ್ಛಿಕ ಸೇರ್ಪಡೆಗಳು. ಹೀಗಾಗಿ ನೀರಿನ ಸೂತ್ರದಲ್ಲಿ ಕೆಳಗೆ ಬರೋ 2 ಒಂದು ವಿಕಿಯಲ್ಲಿ ಸರಿಯಾಗಿ ಕೂರುತ್ತೆ, ಆ ಸೇರ್ಪಡೆ ಇಲ್ಲದ ಇನ್ನೊಂದರಲ್ಲಿ ,,2,, ಅಂತ ಅಲ್ಪವಿರಾಮಗಳ ಸಮೇತ ಕಾಣುತ್ತೆ. ಮಾರ್ಕ್‌ಡೌನ್‌ನಲ್ಲಿ ಕೋಷ್ಟಕದ ಗತಿಯೂ ಅಷ್ಟೇ. ಗಿಟ್‌ಹಬ್‌ನಲ್ಲಿ ಚೆಂದ ಕಾಣೋ ಟೇಬಲ್, ಬೇರೆ ಕಡೆ ಬರೀ ಗೆರೆಗಳ ರಾಶಿ.

ಸಬ್‌ಸ್ಕ್ರಿಪ್ಟ್ ಕೆಟ್ಟರೆ ಪುಟ ಕೆಟ್ಟದಾಗಿ ಕಾಣುತ್ತೆ, ಅಷ್ಟೆ. ಕನ್ನಡದಲ್ಲಿ ಪುಟವೇ ಸಿಗದೆ ಹೋಗಬಹುದು. ನಮ್ಮ ಏರಿಯಾದ್ದೇ ಉದಾಹರಣೆ ಕೊಡ್ತೀನಿ: ಆರ್‌ಟಿ ನಗರ.

ಫೋನಿನಲ್ಲಿ ಸುಮ್ಮನೆ ಟೈಪ್ ಮಾಡಿದರೆ ಅದು "ಆರ್ಟಿ ನಗರ" ಆಗುತ್ತೆ. ರ್ ಹೋಗಿ ಟಿ ಮುಂದೆ ಅರ್ಕಾವೊತ್ತಾಗಿ ಕೂರುತ್ತೆ. ಹಾಗಾಗಬಾರದು ಅಂದ್ರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು: ಜೀರೋ ವಿಡ್ತ್ ನಾನ್-ಜಾಯ್ನರ್. ಅದಕ್ಕೆ ಅಗಲ ಇಲ್ಲ, ಉಚ್ಚಾರ ಇಲ್ಲ. "ಇಲ್ಲಿ ಒತ್ತಕ್ಷರ ಮಾಡಬೇಡ" ಅನ್ನೋದಷ್ಟೇ ಅದರ ಕೆಲಸ. ಅದರ ಜೋಡಿ ಜೀರೋ ವಿಡ್ತ್ ಜಾಯ್ನರ್. ನಾವೆಲ್ಲ ಸಿಇಟಿ ಟೈಮಲ್ಲಿ ಜಪ ಮಾಡಿದ "ರ‍್ಯಾಂಕ್" ಹೀಗೆ ಕಾಣಬೇಕಾದರೆ ರ ಆದಮೇಲೆ ಅದು ಬೇಕು. ಇಲ್ಲದಿದ್ದರೆ "ರ್ಯಾಂಕ್" ಅಂತ ಪದದ ಶುರುವಲ್ಲೇ ಅರ್ಕಾವೊತ್ತು.

ಈಗ ಪೈಥಾನ್‌ಗೆ "ಆರ್‌ಟಿ" ಪದದ ಉದ್ದ ಎಷ್ಟು ಅಂತ ಕೇಳಿ. ಜಾಯ್ನರ್ ಇಲ್ಲದಿದ್ದರೆ 5, ಇದ್ದರೆ 6. ಎರಡೂ ಒಂದೇನಾ ಅಂದ್ರೆ ಅಲ್ಲ ಅನ್ನುತ್ತೆ. ಕನ್ನಡ ವಿಕಿಪೀಡಿಯ ನಡೆಯೋ ಮೀಡಿಯಾವಿಕಿಗೂ ಇವು ಎರಡು ಬೇರೆ ಶೀರ್ಷಿಕೆಗಳು. ಪದಗಳನ್ನು ಹೋಲಿಸುವಾಗ ಇಂಥ ಅಕ್ಷರಗಳನ್ನು ಲೆಕ್ಕಕ್ಕೆ ತಗೊಳ್ಳದೆ ಇರೋ ಪದ್ಧತಿಯನ್ನು ಯೂನಿಕೋಡ್ ಕೊಟ್ಟಿದೆ. ಅದನ್ನು ಬಳಸೋದು ಬಿಡೋದು ಪ್ರೋಗ್ರಾಂ ಬರೆಯೋವ್ರ ಇಷ್ಟ. ತುಂಬಾ ಜನ ಎರಡು ಸಮ ಚಿಹ್ನೆ ಹಾಕಿ ಕೈ ತೊಳ್ಕೊಳ್ತಾರೆ.

ಇದರ ಏಟು ಬೀಳೋದು ಕಲಬುರಗಿಯಿಂದಲೋ ಶಿರಸಿಯಿಂದಲೋ ಬಂದ ಹೊಸ ಹುಡುಗಿಗೆ. ಅವಳು ಕನ್ನಡದಲ್ಲಿ ಏರಿಯಾ ಹೆಸರು ಹೊಡೀತಾಳೆ, ಏನೂ ಸಿಗಲ್ಲ. ಪುಟ ಇದೆ, ಆದರೆ ಕಾಣದ ಒಂದು ಅಕ್ಷರದ ಆಚೆ ಇದೆ. ಎರಡನೇ ಸಲ ಅವಳು ಇಂಗ್ಲಿಷ್‌ನಲ್ಲಿ ಹುಡುಕ್ತಾಳೆ. ಮೂರನೇ ಸಲ ಕನ್ನಡದಲ್ಲಿ ಟ್ರೈ ಕೂಡ ಮಾಡಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಂತೂ ಮೊದಲನೇ ಸಲವೇ ಆ ಕಡೆ ಜಾರ್ತೀವಿ.

ಹಾಗಾದ್ರೆ ಜಾಯ್ನರ್ ಎಲ್ಲರಿಗೂ ಕಡ್ಡಾಯ ಮಾಡೋಣ್ವಾ? ಬೇಡ. ಎಷ್ಟೋ ಫೋನ್ ಕೀಬೋರ್ಡ್‌ಗಳಲ್ಲಿ ಅದು ಎಲ್ಲಿದೆ ಅಂತ ಹುಡುಕೋದೇ ದೊಡ್ಡ ಕೆಲಸ. ಕಡ್ಡಾಯ ಮಾಡಿದರೆ ಬರೆಯೋಕೆ ಬಂದವರು ವಾಪಸ್ ಹೋಗ್ತಾರೆ. ಚಿಕ್ಕ ನಿಯಮಾವಳಿಯನ್ನು ಜನ ಬೇಗ ಒಪ್ತಾರೆ ಅನ್ನೋ ವಾದದಲ್ಲೂ ಹುರುಳಿದೆ. ಕ್ರಿಯೋಲ್ ಮಾಡಿದವರು ದಡ್ಡರಲ್ಲ.

ನಾನು ಕೇಳ್ತಿರೋದು ಇಷ್ಟೇ: ಬರೆಯುವವರಿಗೆ ಐಚ್ಛಿಕ ಇರಲಿ, ಸಾಫ್ಟ್‌ವೇರ್‌ಗೆ ಕಡ್ಡಾಯ ಇರಲಿ. ಜಾಯ್ನರ್ ಹಾಕೋದು ಬಿಡೋದು ಬರೆಯೋರ ಇಷ್ಟ. ಹಾಕಿದ್ದನ್ನು ವಿಕಿ ಅಳಿಸಬಾರದು. ಹಾಕದೆ ಹುಡುಕಿದರೂ ಪುಟ ಸಿಗಬೇಕು. ಸಬ್‌ಸ್ಕ್ರಿಪ್ಟ್‌ಗೂ ಕೋಷ್ಟಕಕ್ಕೂ ಇದೇ ಅಳತೆ. ಬಳಸಲೇಬೇಕು ಅಂತಿಲ್ಲ, ಬಳಸಿದರೆ ಎಲ್ಲಾ ಕಡೆ ಒಂದೇ ಥರ ಕಾಣಬೇಕು. ಅಷ್ಟು ಮಾಡೋಕಾಗದ ಫೀಚರ್ ನಿಯಮಾವಳಿಯಲ್ಲಿ ಇರೋದೇ ಬೇಡ.

ನಮ್ಮ ವಿಕಿಗೆ ಇದು ಬೆಟ್ಟ ಅಗೆಯೋ ಕೆಲಸ ಅಲ್ಲ. ಒಂದು, ಸರ್ಚ್‌ನಲ್ಲಿ ಹೋಲಿಸೋಕೆ ಮುಂಚೆ ಎರಡೂ ಕಡೆಯಿಂದ ಜಾಯ್ನರ್‌ಗಳನ್ನು ತೆಗೆದು ನೋಡಬೇಕು, ಸೇವ್ ಆಗಿರೋ ಬರಹವನ್ನು ಮುಟ್ಟಬಾರದು. ಎರಡು, ಶೀರ್ಷಿಕೆಯ ಇನ್ನೊಂದು ರೂಪಕ್ಕೆ ರೀಡೈರೆಕ್ಟ್ ಕೊಡಬೇಕು. ಮೂರು, ಎಡಿಟರ್‌ನಲ್ಲಿ ಜಾಯ್ನರ್‌ಗೆ ಒಂದು ಬಟನ್ ಇಡಬೇಕು. ಸೆಕೆಂಡ್ ಇಯರ್ ನಾಲ್ಕು ಜನ ಒಂದು ಶನಿವಾರ ಕೂತರೆ ಮುಗಿಯುತ್ತೆ. ಮುಂದಿನ ಮೀಟಿಂಗ್‌ನಲ್ಲಿ ಯಾರಾದ್ರೂ "ಆಪ್ಷನಲ್" ಅಂದ ಕೂಡಲೇ ದಯವಿಟ್ಟು ಯಾರಿಗೆ ಅಂತ ಕೇಳಿ. ಉತ್ತರ ಬರೋವರೆಗೂ ಕೈ ಎತ್ತಬೇಡಿ.