ಕಡ್ಡಿಗೆ ಚುಚ್ಚಿದ ಕರುಳು, ಕೈಗೆ ಹಚ್ಚಿದ ಮೈಲಿಗೆ

ಟೋಕಿಯೋದ ಶಿಂಜುಕು ನಿಲ್ದಾಣದ ಮಗ್ಗುಲಿಗೆ ಒಮೊಯಿದೆ ಯೊಕೊಚೊ ಎಂಬ ಇಕ್ಕಟ್ಟಾದ ಓಣಿಯಿದೆ. ಕೆಂಪು ಲಾಂದ್ರ, ಇದ್ದಿಲ ಹೊಗೆ, ಮೊಣಕೈಗೆ ಮೊಣಕೈ ತಾಗಿಸಿ ಕೂರುವ ಪುಟ್ಟ ಪಾನಗೃಹಗಳು. ಜಪಾನೀಯರು ಇವನ್ನು 'ಇಜಕಾಯಾ' ಎನ್ನುತ್ತಾರೆ. ಬಿದಿರ ಕಡ್ಡಿಗೆ ಪೋಣಿಸಿ ಸುಟ್ಟ ಹಂದಿಯ ಹೃದಯ, ಕಲೇಜಿ, ನಾಲಿಗೆ, ಕರುಳು ಇಂಥ ಕಡೆ ಸಿಗುತ್ತವೆ. ಪ್ರಾಣಿಯ ಒಂದಂಶವನ್ನೂ ವ್ಯರ್ಥ ಮಾಡದ ಮಹಾನ್ ಸಂಸ್ಕೃತಿ ಇದು ಎಂದು ಪ್ರವಾಸ ಕಥನಕಾರರು ಕೊಂಡಾಡುತ್ತಾರೆ. ಈ ಕೊಂಡಾಟದ ಬಗ್ಗೆ ನಮ್ಮ ತಕರಾರಿದೆ.

ಮೊದಲನೆಯದಾಗಿ, ಈ ಓಣಿಯನ್ನು ಹೆತ್ತದ್ದು ಹಸಿವು. 1945ರ ಸೋಲಿನ ನಂತರ ಸುಟ್ಟು ಕರಕಲಾದ ನಗರದಲ್ಲಿ ಎದ್ದ ಕಾಳಸಂತೆಯೇ ಇದರ ಮೂಲ. ಹಿಟ್ಟು ಸರಕಾರದ ನಿಯಂತ್ರಣದಲ್ಲಿತ್ತು, ಕೋಳಿ ದುಬಾರಿಯಾಗಿತ್ತು. ಯಾರಿಗೂ ಬೇಡದ ಕರುಳು ಮಾತ್ರ ಕಾನೂನಿನ ಕಣ್ತಪ್ಪಿಸಿ ಬಡವನ ತಟ್ಟೆಗೆ ಬಂತು.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಕಡ್ಡಿಯನ್ನು ಹೊಗಳುವವರು ಕತ್ತಿ ಹಿಡಿದ ಕೈಯನ್ನೇಕೆ ನೋಡುವುದಿಲ್ಲ? ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಜಪಾನ್ ಶತಮಾನಗಳ ಕಾಲ 'ಎತಾ' ಎಂದು ಕರೆಯಿತು. ಆ ಹೆಸರನ್ನು ಬರೆಯುವ ಅಕ್ಷರಗಳ ಅರ್ಥವೇ 'ಬಹಳ ಮೈಲಿಗೆ'. 1871ರ ರಾಜಾಜ್ಞೆ ಆ ಹೆಸರನ್ನು ಅಳಿಸಿತು, ಮೈಲಿಗೆಯನ್ನು ಅಳಿಸಲಿಲ್ಲ. ಅವರ ಸಂತತಿ ಇಂದು 'ಬುರಾಕುಮಿನ್'. ಅವರ ಕೇರಿಗಳ ವಿಳಾಸ ಪಟ್ಟಿಗಳನ್ನು ಕಂಪೆನಿಗಳು ಗುಟ್ಟಾಗಿ ಕೊಂಡು, ನೌಕರಿ ಕೊಡುವ ಮುನ್ನ ತಿರುವಿ ಹಾಕುತ್ತಿದ್ದುದು 1975ರಲ್ಲಿ ಬಯಲಾಯಿತು. ಮದುವೆಗೆ ಮೊದಲು ಪತ್ತೇದಾರರನ್ನಿಟ್ಟು ಕುಲ ಶೋಧಿಸುವವರೂ ಇದ್ದರು. ಟೋಕಿಯೋದ ಶಿಬಾಉರಾ ಕಸಾಯಿಖಾನೆಯಲ್ಲಿ ಒಂದು ಮಾಹಿತಿ ಕೇಂದ್ರವಿದೆ. ಅಲ್ಲಿನ ಕಾರ್ಮಿಕರಿಗೆ ಬಂದ ದ್ವೇಷದ ಪತ್ರಗಳನ್ನು ಅದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. ಬುರಾಕು ತಾರತಮ್ಯ ಇನ್ನೂ ಇದೆ ಎಂದು ಒಪ್ಪಿಕೊಂಡು ಅದರ ನಿವಾರಣೆಗೆ ಸಂಸತ್ತು ಕಾನೂನು ತಂದದ್ದು 2016ರಲ್ಲಿ. ನಾಲಿಗೆಗೆ ಕರುಳು ಬೇಕು, ಅದನ್ನು ಕೊಯ್ದು ತೊಳೆದುಕೊಟ್ಟವನು ಬೇಡ. ಇದೆಂಥ ರುಚಿ!

ಹಂದಿಯನ್ನೂ ಮದ್ಯವನ್ನೂ ಮುಟ್ಟದ ನಿಮಗೆ ಆ ಅಂಗಡಿಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನಿಜ, ನಾವು ಅಲ್ಲಿ ಒಂದು ಕಡ್ಡಿಯನ್ನೂ ತಿನ್ನಲಾರೆವು. ಆದರೆ ನಮಗೆ ಹರಾಮ್ ಆದದ್ದು ಆ ಮಾಂಸ, ಅದನ್ನು ಕೊಯ್ಯುವ ಮನುಷ್ಯನಲ್ಲ. ಒಂದು ಆಹಾರವನ್ನು ಬಿಡುವುದು ನಿಯಮ. ಅದನ್ನು ಮುಟ್ಟಿದವನನ್ನೇ ದೂರವಿಡುವುದು ಜಾತಿ. ಈ ಎರಡರ ನಡುವಿನ ಗೆರೆ ಮಾಸಿದ ಕಡೆ ಯಾವ ಧರ್ಮವೂ ಜಾತಿಯ ಕಾವಲುಗಾರನಾಗಿಬಿಡುತ್ತದೆ.

ಜಪಾನಿನ ಕಡೆ ಬೆರಳು ತೋರಿಸಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಮಾಂಸದ ವಾಸನೆಯ ನೆಪ ಹೇಳಿ ಬಾಡಿಗೆ ಮನೆ ನಿರಾಕರಿಸುವವರು ನಮ್ಮ ಊರುಗಳಲ್ಲಿದ್ದಾರೆ. ಅದನ್ನು ನಾವು ಅನ್ಯಾಯವೆಂದು ಗಟ್ಟಿಯಾಗಿ ಹೇಳುತ್ತೇವೆ, ಹೇಳಲೇಬೇಕು. ಆದರೆ ಬಕ್ರೀದ್ ದಿನ ಬೆಳಗಿನ ಜಾವದಿಂದ ಕಸಾಯಿಯ ದಾರಿ ಕಾದು, ಬೋಟಿ-ಕಲೇಜಿಯ ಪಾಲಿಗೆ ಪೈಪೋಟಿ ನಡೆಸಿ, ಅದೇ ಕಸಾಯಿಯ ಮನೆಯಿಂದ ಸಂಬಂಧ ಬಂದಾಗ 'ಖಾನ್‌ದಾನ್ ಹೊಂದುವುದಿಲ್ಲ' ಎನ್ನುವವರು ಯಾರು? ಅವರು ಜಪಾನಿನವರಲ್ಲ. ಸಮಾನತೆಯ ಪಾಠವನ್ನು ಪ್ರತಿ ಶುಕ್ರವಾರ ಕೇಳಿಸಿಕೊಳ್ಳುವ ನಮ್ಮವರೇ.