ಮೂರು ಒಲೆಗೆ ಒಂದೇ ಮೀಟರೇ?



ಕಳೆದ ಕೂಟದಲ್ಲಿ ಕರೆಂಟ್ ಬಿಲ್ಲಿನ ಮಾತು ಬಂದಾಗ ಹಿರಿಯರೊಬ್ಬರು ಎದ್ದು ನಿಂತು ನಮಗೆಲ್ಲ ಬುದ್ಧಿ ಹೇಳಿದರು. ಟಿ.ವಿ. ಆರಿಸಿ, ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ, ಬಿಲ್ಲು ತಾನಾಗಿ ಇಳಿಯುತ್ತದೆ, ಗೊಣಗಬೇಡಿ ಎಂದರು. ಸಾಲದ್ದಕ್ಕೆ ಕೈಸರನ ನಾಣ್ಯದ ಕತೆಯನ್ನೂ ಎಳೆದು ತಂದರು. ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ನಾನು ಆಗ ಬಾಯಿ ತೆರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಕತೆಯನ್ನು ಭಾನುವಾರ ಶಾಲೆಯ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದವನು ನಾನು. ಅಲ್ಲಿ ಮೊದಲು ನಾಣ್ಯವನ್ನು ತೋರಿಸಿ ಎಂದು ಕೇಳಲಾಯಿತು. ಅದರ ಮೇಲೆ ಯಾರ ಮುಖ, ಯಾರ ಹೆಸರು ಎಂದು ನೋಡಿ ಆದ ಮೇಲೆ ಉತ್ತರ ಬಂತು. ನಾವು ಕೇಳುತ್ತಿರುವುದೂ ಅದನ್ನೇ. ಬಿಲ್ಲನ್ನು ತೋರಿಸಿ. ಎಷ್ಟು ಯೂನಿಟ್, ಯಾವ ದಿನದಿಂದ ಯಾವ ದಿನದವರೆಗೆ, ಯಾವ ದರ? ನೋಡಿದ ಮೇಲೆ ಕಟ್ಟುವುದನ್ನು ಕಟ್ಟುತ್ತೇವೆ. ನೋಡದೆ ಕಟ್ಟು ಎನ್ನುವುದು ಯಾವ ಸುವಾರ್ತೆಯಲ್ಲೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಎಸ್.ಎಸ್.ಎಲ್.ಸಿ. ಓದಿದವನು, ದೊಡ್ಡ ಗಣಿತ ಬಾರದು. ಆದರೆ ಈ ಲೆಕ್ಕಕ್ಕೆ ಐದನೇ ತರಗತಿ ಸಾಕು.

ನಮ್ಮ ತಮಿಳುನಾಡಿನಲ್ಲಿ ಮನೆಯ ಕರೆಂಟಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು. 2016ರಿಂದ ಪ್ರತಿ ಮನೆಯ ಸಂಪರ್ಕಕ್ಕೂ ಮೊದಲ 100 ಯೂನಿಟ್ ಉಚಿತವಾಯಿತು. 2022 ಸೆಪ್ಟೆಂಬರ್ 10ರಂದು ದರ ಏರಿತು, 2024 ಜುಲೈ 1ರಂದು ಇನ್ನೊಮ್ಮೆ ಏರಿತು. 2024ರ ದರ ಹೀಗೆ: ಎರಡು ತಿಂಗಳ ಬಳಕೆ 500 ಯೂನಿಟ್ ಒಳಗಿದ್ದರೆ 101ರಿಂದ 200ರವರೆಗೆ ಯೂನಿಟ್ಟಿಗೆ 2 ರೂಪಾಯಿ 35 ಪೈಸೆ, 400ರವರೆಗೆ 4 ರೂಪಾಯಿ 70 ಪೈಸೆ, 500ರವರೆಗೆ 6 ರೂಪಾಯಿ 30 ಪೈಸೆ. ಬಳಕೆ 500 ದಾಟಿತೋ, ಆ 2 ರೂಪಾಯಿ 35 ಪೈಸೆಯ ಮೆಟ್ಟಿಲೇ ಮಾಯ. 101ನೇ ಯೂನಿಟ್ಟಿನಿಂದಲೇ 4 ರೂಪಾಯಿ 70 ಪೈಸೆ. 500ರ ಮೇಲೆ 600ರವರೆಗೆ 8 ರೂಪಾಯಿ 40 ಪೈಸೆ. ಸರಿಯಾಗಿ 500 ಯೂನಿಟ್ ಸುಟ್ಟವನಿಗೆ 1,805 ರೂಪಾಯಿ. 501 ಸುಟ್ಟವನಿಗೆ 2,048 ರೂಪಾಯಿ. ಒಂದು ಯೂನಿಟ್ಟಿನ ಬೆಲೆ 243 ರೂಪಾಯಿ!

ಆದರೆ ಲೈನ್ ಮನೆಯ ನಾವು 500 ಎಲ್ಲಿ ಸುಡುತ್ತೇವೆ, ಅದು ಬಂಗಲೆಯವರ ಕಷ್ಟ ಎನ್ನುತ್ತೀರಾ? ಕೇಳಿ. ಎಷ್ಟೋ ಲೈನುಗಳಲ್ಲಿ ಎರಡು ಮನೆಗೆ, ಮೂರು ಮನೆಗೆ ಒಂದೇ ಮೀಟರ್. ಒಂದೊಂದು ಮನೆಯವರು ಎರಡು ತಿಂಗಳಲ್ಲಿ 180 ಯೂನಿಟ್ ಬಳಸುತ್ತಾರೆ ಎನ್ನಿ. ಅಂದರೆ ದಿನಕ್ಕೆ ಮೂರು ಯೂನಿಟ್: ನಾಲ್ಕು ಬಲ್ಬು, ಟಿ.ವಿ., ಮಿಕ್ಸಿ, ಸಣ್ಣದೊಂದು ಫ್ರಿಜ್ಜು, ಬೆಳಗಿನ ಜಾವ ಬಿಸಿನೀರಿಗೆ ಹೀಟರ್ ಕಂಬಿ. ಅವರವರಿಗೆ ಸ್ವಂತ ಮೀಟರ್ ಇದ್ದರೆ 100 ಉಚಿತ, ಉಳಿದ 80ಕ್ಕೆ 188 ರೂಪಾಯಿ. ಮೂರು ಮನೆಗೂ ಸೇರಿ 564. ಅದೇ ಮೂರು ಮನೆ ಒಂದೇ ಮೀಟರಿನಲ್ಲಿದ್ದರೆ 540 ಯೂನಿಟ್. ಉಚಿತ 100 ಒಂದೇ ಸಲ. ಬಿಲ್ಲು 2,376 ರೂಪಾಯಿ. ಮನೆಗೆ 792!

ಅದೇ ಬಲ್ಬು, ಅದೇ ಕಂಬಿ, ಅದೇ ಚಳಿ. ಒಬ್ಬನಿಗೆ 188, ಇನ್ನೊಬ್ಬನಿಗೆ 792. ವರ್ಷಕ್ಕೆ ಆರು ಬಿಲ್ಲು, ಒಂದೊಂದು ಮನೆಗೆ 3,624 ರೂಪಾಯಿ ಹೆಚ್ಚು. ನಿಮ್ಮ ದಿನಗೂಲಿಯಿಂದ ಇದನ್ನು ಭಾಗಿಸಿ ನೋಡಿ. ಎಷ್ಟು ದಿನ ಮಳೆಯಲ್ಲಿ ನೆನೆದು, ಜಿಗಣೆಗೆ ರಕ್ತ ಕೊಟ್ಟು ಎಲೆ ಕಿತ್ತದ್ದು ಈ ಒಂದು ಮೀಟರಿನ ಹೊಟ್ಟೆಗೆ ಹೋಯಿತೆಂದು ತಿಳಿಯುತ್ತದೆ. ಟಿ.ವಿ. ಆರಿಸಿ ಎಂದ ಹಿರಿಯರು ಹೇಳಲಿ, ಎಷ್ಟು ಟಿ.ವಿ. ಆರಿಸಿದರೆ ಈ 604 ರೂಪಾಯಿ ಮರಳಿ ಬರುತ್ತದೆ?

ಬಡವನಿಗೆಂದು ಸರ್ಕಾರ ಇಟ್ಟ 100 ಯೂನಿಟ್ ಇದು. ಬಂಗಲೆಯಲ್ಲಿ ಒಬ್ಬಂಟಿಯಾಗಿರುವವನಿಗೆ ಅದು ಪೂರ್ತಿ ಸಿಗುತ್ತದೆ. ಲೈನಿನಲ್ಲಿ ಹದಿನೈದು ಜನ ಅದನ್ನು ಹರಿದು ಹಂಚಿಕೊಳ್ಳಬೇಕು.

ಇದು ನನ್ನ ಸ್ವಂತ ಅನುಭವವೂ ಹೌದು. ನಾವಿದ್ದ ಒಂದು ಲೈನಿನಲ್ಲಿ ಸಂಪರ್ಕ ತೋಟದ ಹೆಸರಿನಲ್ಲಿತ್ತು. ಸಂಬಳದಲ್ಲಿ "ಕರೆಂಟ್" ಎಂದು ತಿಂಗಳು ತಿಂಗಳೂ ಒಂದೇ ಮೊತ್ತ ಹಿಡಿಯುತ್ತಿದ್ದರು. ಒಂದು ಆಡಿ ತಿಂಗಳಲ್ಲಿ ಮರ ಬಿದ್ದು ಕಂಬ ಮುರಿದು ಹನ್ನೊಂದು ದಿನ ಕತ್ತಲಲ್ಲಿದ್ದೆವು. ಆ ತಿಂಗಳೂ ಅದೇ ಮೊತ್ತ. ಆಫೀಸಿಗೆ ಹೋಗಿ, "ಸಾರ್, ಇ.ಬಿ. ಬಿಲ್ಲು ಒಮ್ಮೆ ನೋಡಬಹುದೇ?" ಎಂದೆ.

"ಏನ್ ಉಪದೇಶಿಗಳೇ, ನಮ್ಮ ಮೇಲೆ ನಂಬಿಕೆ ಇಲ್ಲವೋ?" ಎಂದು ರೈಟರ್ ನಕ್ಕರು.

"ನಂಬಿಕೆ ದೇವರ ಮೇಲೆ ಇದೆ ಸಾರ್. ಬಿಲ್ಲಿನ ಮೇಲೆ ರೀಡಿಂಗ್ ಇರುತ್ತದೆ, ಅದನ್ನು ನೋಡಬೇಕು," ಎಂದೆ.

ಬಿಲ್ಲು ಸಿಗಲಿಲ್ಲ. ಯೂನಿಯನ್ನಿನಿಂದ ನಾಲ್ಕು ಸಾಲಿನ ಕಾಗದ ಬರೆದು, ಲೈನಿನ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಕೊಟ್ಟ ಮೇಲೆ ಸಿಕ್ಕಿತು. ಕ್ವಾರ್ಟರ್ಸಿನ ಹಿಂದಿನ ನೀರಿನ ಮೋಟಾರೂ ನಮ್ಮ ಮೀಟರಿನಲ್ಲೇ ಓಡುತ್ತಿತ್ತು! ಮೋಟಾರನ್ನು ಬೇರೆ ಮಾಡಿದರು. ಹಿಂದೆ ಹಿಡಿದದ್ದನ್ನು ಮರಳಿ ಕೊಡಲಿಲ್ಲ, ಅದು ಬೇರೆ ಮಾತು. ಕಾಗದ ಬರೆಯುವ ಮೊದಲು ವರ್ಷಗಟ್ಟಲೆ ನಾವೇ ಒಬ್ಬರ ಮೇಲೊಬ್ಬರು ಸಂಶಯಪಟ್ಟು, ಅವಳ ಮನೆಯ ಫ್ರಿಜ್ಜು, ಇವಳ ಮನೆಯ ಗ್ರೈಂಡರು ಎಂದು ಜಗಳವಾಡಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಾನೂನು ನಮ್ಮ ಕಡೆಗೆ ಇಲ್ಲವೆಂದು ತಿಳಿಯಬೇಡಿ. ಕೂಲಿಯಲ್ಲಿ ಹಿಡಿಯುವ ಮೊತ್ತ ಕೊಟ್ಟ ಸೌಕರ್ಯದ ಬೆಲೆಗಿಂತ ಹೆಚ್ಚಿರಬಾರದೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ 2025 ನವೆಂಬರ್ 21ರಿಂದ ಬಂದ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಸಂಬಳದ ಚೀಟಿ ಕೊಡಲೇಬೇಕೆಂದೂ ಇದೆ. ಇನ್ನು 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಏನು ಹೇಳುತ್ತದೆ? ಕಟ್ಟಡದ ಒಡೆಯ ಅರ್ಜಿ ಕೊಟ್ಟರೂ ಸರಿ, ಅಲ್ಲಿ ವಾಸವಿರುವವನು ಅರ್ಜಿ ಕೊಟ್ಟರೂ ಸರಿ, ಕರೆಂಟ್ ಕೊಡಬೇಕು. ವಾಸವಿರುವವನು ಎಂಬ ಈ ಮಾತನ್ನು ಚೆನ್ನಾಗಿ ಹಿಡಿದುಕೊಳ್ಳಿ. ಲೈನ್ ಮನೆಗೆ ನಾವು ಒಡೆಯರಲ್ಲ, ನಿಜ. ಮೂರು ತಲೆಮಾರು ವಾಸವಿದ್ದವರಲ್ಲವೇ?

ಈ ಮಾತು ಗೂಡಲೂರು, ಪಂದಲೂರು ಕಡೆಯ ಬಂಧುಗಳಿಗೆ ಇನ್ನೂ ಹೆಚ್ಚು ಉರಿಯುತ್ತದೆ. 1969ರ ಗೂಡಲೂರು ಜನ್ಮಂ ಕಾಯ್ದೆಯ 17ನೇ ಕಲಮಿನ ಭೂಮಿ ಎಂದು ಹೆಸರು ಬಿದ್ದ ಕಡೆಗಳಲ್ಲಿ ಪಟ್ಟಾ ಇಲ್ಲ, ಪಟ್ಟಾ ಇಲ್ಲದೆ ಸಂಪರ್ಕವಿಲ್ಲ ಎಂದು ಎಷ್ಟೋ ಮನೆಗಳನ್ನು ವರ್ಷಾನುವರ್ಷ ಕತ್ತಲಲ್ಲಿ ಇಟ್ಟರು. ಬಿಲ್ಲು ಹೆಚ್ಚಾಯಿತೆಂದು ಅಳುವ ಭಾಗ್ಯವೂ ಅವರಿಗಿಲ್ಲ. ಆನೆ ತಿರುಗುವ ಊರು ಅದು. ಓವ್ಯಾಲಿಯಲ್ಲಿ ಜನರನ್ನು ಕೊಂದ ಸಲಗವನ್ನು 2025 ಸೆಪ್ಟೆಂಬರಿನಲ್ಲಿ ಹಿಡಿದು ಸಾಗಿಸಿದ್ದು ಎಲ್ಲರಿಗೂ ಗೊತ್ತು. ಅಂತಹ ಕಡೆ ಬಾಗಿಲ ಹೊರಗೆ ಒಂದು ದೀಪ ಉರಿಯುವುದು ಆಡಂಬರವಲ್ಲ.

ಅದೂ ಯಾವ ಬೆಟ್ಟದಲ್ಲಿ? ಪೈಕಾರದ ನೀರನ್ನು ಕೊಳವೆಯಲ್ಲಿ ಇಳಿಸಿ ಮಸಿನಗುಡಿ ಹತ್ತಿರದ ಸಿಂಗಾರದಲ್ಲಿ ಕರೆಂಟ್ ತೆಗೆದದ್ದು 1932ರಲ್ಲಿ. ಕೊಯಮತ್ತೂರಿನ ಗಿರಣಿಗಳು ಆ ಕರೆಂಟಿನಿಂದ ಬೆಳೆದವು. 1952ರಲ್ಲಿ ಮೋಯಾರ್, ಆಮೇಲೆ ಕುಂದಾ. ಬೆಟ್ಟ ಕೊರೆದು, ಕಲ್ಲು ಹೊತ್ತು, ಅಲ್ಲೇ ಮಣ್ಣಾದ ಕೂಲಿಗಳ ಮೊಮ್ಮಕ್ಕಳು ಈಗ ದೀಪ ಆರಿಸಿ ಎಂಬ ಉಪದೇಶ ಕೇಳಬೇಕಾಗಿದೆ.

ಇನ್ನು ಇ.ಬಿ.ಯವರ ಕಡೆಯ ತಪ್ಪು. (ಮಂಡಳಿ 2010ರಲ್ಲಿ ಟ್ಯಾಂಜೆಡ್ಕೊ ಆಯಿತು, 2024ರಲ್ಲಿ ಮತ್ತೆ ಒಡೆದು ಹೊಸ ಹೆಸರಾಯಿತು. ನಮಗೆ ಅದು ಇ.ಬಿ.ಯೇ.) ಲೆಕ್ಕ 60 ದಿನಕ್ಕೆ. ಆದರೆ ಮೇಲಿನ ಡಿವಿಜನ್ನಿಗೆ ಬಸ್ಸಿಲ್ಲ, ಮಳೆ, ಆಳು ಕಡಿಮೆ ಎಂದು ರೀಡಿಂಗ್ ತೆಗೆಯುವವರು ನಾಲ್ಕು ದಿನ ತಡವಾಗಿ ಬಂದರೆ ಏನಾಗುತ್ತದೆ? 60 ದಿನಕ್ಕೆ 490 ಯೂನಿಟ್ ಆಗುವ ಜೋಡಿ ಮನೆಯ ಮೀಟರ್ 64 ದಿನಕ್ಕೆ 523 ತೋರಿಸುತ್ತದೆ. 1,742 ಆಗಬೇಕಾದ ಬಿಲ್ಲು 2,233 ಆಗುತ್ತದೆ. ಮುಂದಿನ ಸಲ ದಿನ ಕಡಿಮೆಯಾಗಿ ಸ್ವಲ್ಪ ಇಳಿಯುತ್ತದೆ, ನಿಜ ಹೇಳಬೇಕು. ಆದರೂ ಎರಡು ಬಿಲ್ಲು ಕೂಡಿಸಿದರೆ 283 ರೂಪಾಯಿ ಹೋದದ್ದು ಹೋಯಿತು. ತಡ ಮಾಡಿದವರು ಅವರು, ದಂಡ ನಮಗೆ. 2020ರ ಲಾಕ್‌ಡೌನಿನಲ್ಲಿ ಇದೇ ರೋಗ ರಾಜ್ಯಕ್ಕೆಲ್ಲ ಬಂತು. ರೀಡಿಂಗ್ ಇಲ್ಲದೆ ಹಳೆಯ ಮೊತ್ತ ಕಟ್ಟಿಸಿಕೊಂಡರು. ಆಮೇಲೆ ನಾಲ್ಕು ತಿಂಗಳದ್ದನ್ನು ಎರಡಾಗಿ ಒಡೆದು, ಕಟ್ಟಿದ ಯೂನಿಟ್ಟನ್ನು ಕಳೆಯದೆ ಕಟ್ಟಿದ ಹಣವನ್ನು ಮಾತ್ರ ಕಳೆದರು. ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ ಆ ಅರ್ಜಿ 2020 ಜುಲೈಯಲ್ಲಿ ವಜಾ ಆಯಿತು. ತಿಂಗಳಿಗೊಮ್ಮೆ ಬಿಲ್ಲು ಮಾಡುತ್ತೇವೆಂದು ಡಿ.ಎಂ.ಕೆ. 2021ರ ಪ್ರಣಾಳಿಕೆಯಲ್ಲಿ ಬರೆಯಿತು. 2025 ಮುಗಿಯುವವರೆಗೂ ಅದು ಬರಹವಾಗಿಯೇ ಉಳಿಯಿತು.

ನಮ್ಮವರ ತಪ್ಪನ್ನೂ ಮುಚ್ಚುವುದಿಲ್ಲ. ತಂತಿಗೆ ಕೊಕ್ಕೆ ಹಾಕುವವರು ನಮ್ಮಲ್ಲಿದ್ದಾರೆ. ಅದು ಕಳವು, ಜೈಲಿಗೆ ದಾರಿ, ಒದ್ದೆ ಗೋಡೆಯ ಲೈನಿನಲ್ಲಿ ಪಕ್ಕದ ಮನೆಯ ಮಗುವಿಗೆ ಸಾವು. ಅಂಥವರ ಪರವಾಗಿ ಯೂನಿಯನ್ ಕಾಗದ ಬರೆಯುವುದಿಲ್ಲ. ಹೀಟರ್ ಕಂಬಿಯ ವಿಷಯವೂ ಹಾಗೆಯೇ: 1,500 ವಾಟಿನ ಕಂಬಿ 40 ನಿಮಿಷಕ್ಕೆ ಒಂದು ಯೂನಿಟ್ ತಿನ್ನುತ್ತದೆ, ಎರಡು ತಿಂಗಳಿಗೆ 60. ಒಲೆ ಆರುವ ಮೊದಲು ಅದರ ಮೇಲೊಂದು ಹಂಡೆ ನೀರಿಟ್ಟರೆ ಅಷ್ಟು ಉಳಿಯುತ್ತದೆ. ಆದರೆ ಸೌದೆಗೆ ಕಾಡಂಚಿಗೆ ಹೋಗುವ ಹೆಣ್ಣುಮಗಳಿಗೆ ಆನೆಯ ಭಯ. ಗ್ಯಾಸಿಗೆ ಹೋದರೆ 2025 ಏಪ್ರಿಲಿನಲ್ಲಿ ಒಂದೇ ಏಟಿಗೆ ಸಿಲಿಂಡರಿಗೆ 50 ರೂಪಾಯಿ ಏರಿತು, ಉಜ್ವಲಾ ಬಡವರಿಗೂ ಬಿಡಲಿಲ್ಲ. ಉಳಿಸಿ ಎನ್ನುವವರು ಯಾವುದರಿಂದ ಉಳಿಸಬೇಕೆಂದೂ ಹೇಳಲಿ.

ಈಗ ಮಾಡಬೇಕಾದದ್ದು. ರೀಡಿಂಗ್ ತೆಗೆದ ದಿನ ಮೀಟರಿನ ಅಂಕಿಯನ್ನೂ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಬಿಲ್ಲು ತಪ್ಪೆಂದು ಕಂಡರೆ ಸುಮ್ಮನೆ ಕಟ್ಟದೆ ಕೂರಬೇಡಿ. 56ನೇ ಕಲಮಿನ ಪ್ರಕಾರ 15 ದಿನದ ಲಿಖಿತ ನೋಟಿಸ್ ಇಲ್ಲದೆ ಫ್ಯೂಸ್ ಕೀಳುವಂತಿಲ್ಲ. ತಕರಾರು ಬರೆದುಕೊಟ್ಟು, ಕೇಳಿದ ಮೊತ್ತವನ್ನು ಅಥವಾ ಹಿಂದಿನ ಆರು ತಿಂಗಳ ಸರಾಸರಿಯನ್ನು, ಎರಡರಲ್ಲಿ ಕಡಿಮೆಯದನ್ನು ಕಟ್ಟಿದರೆ ತೀರ್ಮಾನವಾಗುವವರೆಗೆ ಕೀಳುವಂತಿಲ್ಲ. ಎರಡು ವರ್ಷ ಬಾಕಿಯೆಂದು ತೋರಿಸದೆ ಬಿಟ್ಟ ಹಳೆಯ ಹಣವನ್ನು ಏಕಾಏಕಿ ಕೇಳುವಂತೆಯೂ ಇಲ್ಲ. ದೂರಿಗೆ ಮಿನ್ನಗಂ 94987 94987. ಅಲ್ಲಿ ಆಗದಿದ್ದರೆ ಊಟಿಯ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಚೆನ್ನೈಯ ವಿದ್ಯುತ್ ಓಂಬುಡ್ಸ್‌ಮನ್. ವಕೀಲರು ಬೇಡ, ಕಾಗದ ಸಾಕು. ಇವತ್ತು ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ, ಈ ನಂಬರಿಗೆ ಕರೆ ಮಾಡಿ ಎಂದು ಮೊಬೈಲಿಗೆ ಬರುವ ಸಂದೇಶ ಕಳ್ಳರದ್ದು, ಅದನ್ನು ಮುಟ್ಟಬೇಡಿ.

ಒಂದೇ ಮೀಟರಿನಲ್ಲಿರುವ ಲೈನುಗಳ ಪಟ್ಟಿ ಮಾಡುತ್ತಿದ್ದೇವೆ. ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಗುಡಿಯ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಕೊನೆಯ ಮೂರು ಬಿಲ್ಲು, ಸಂಬಳದ ಚೀಟಿ, ವಾಸದ ರುಜುವಾತಿಗೆ ರೇಷನ್ ಕಾರ್ಡು ತನ್ನಿ. ಒಂದೇ ಮೀಟರಿನ ಮೂರೂ ಮನೆಯವರು ಒಟ್ಟಿಗೆ ಬನ್ನಿ. ಮೊನ್ನೆ ಟಿ.ವಿ. ಆರಿಸಿ ಎಂದ ಹಿರಿಯರೂ ದಯವಿಟ್ಟು ಬರಬೇಕು; ಅವರ ಮನೆಯೂ ಜೋಡಿ ಮೀಟರಿನದೇ.