ಕಾಡು ಇಲ್ಲಿ, ಡಿಗ್ರಿ ಅಲ್ಲಿ

2024ರ ಜನವರಿ 1ರಿಂದ ಬ್ರಿಟನ್‌ನಲ್ಲೊಂದು ನಿಯಮ ಜಾರಿಯಲ್ಲಿದೆ. ತರಗತಿಯಲ್ಲಿ ಕೂತು ಓದುವ ಮಾಸ್ಟರ್ಸ್‌ಗೆ ಹೋಗುವ ವಿದೇಶಿ ವಿದ್ಯಾರ್ಥಿ ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಸಂಶೋಧನಾ ಪದವಿಯವರಿಗೆ, ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕವರಿಗೆ ವಿನಾಯಿತಿ ಇದೆ. ಬಿ.ಎಸ್ಸಿ. ಮುಗಿಸಿ ಹೊರಟ ಇಪ್ಪತ್ತೆರಡರ ಹುಡುಗ ಹುಡುಗಿಯರಿಗೆ ಇದರ ಬಿಸಿ ತಟ್ಟುವುದಿಲ್ಲ. ತಟ್ಟುವುದು ಹತ್ತು ಹದಿನೈದು ವರ್ಷ ಕಾಡಿನಲ್ಲಿ ಸವೆದು, ಇನ್ನೊಂದಿಷ್ಟು ಕಲಿತು ಬರೋಣ ಅಂದುಕೊಂಡವರಿಗೆ.

ಕಾಡಿನ ಸಂರಕ್ಷಣೆಯ ಕೆಲಸದಲ್ಲಿ ಪಳಗಿದವರಿಗೆಂದೇ ಕೋರ್ಸ್‌ಗಳಿವೆ. ಕೇಂಬ್ರಿಜ್‌ನ ಕನ್ಸರ್ವೇಶನ್ ಲೀಡರ್‌ಶಿಪ್ ಎಂ.ಫಿಲ್. 2010ರಲ್ಲಿ ಶುರುವಾಯಿತು. ಅರ್ಜಿ ಹಾಕುವವರಿಗೆ ಅನುಭವ ಇರಬೇಕು ಅನ್ನುತ್ತಾರೆ. ಸರಿಯೇ. ಆದರೆ ಅನುಭವಸ್ಥರಿಗೆ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರಲ್ಲ? ವಿಶ್ವವಿದ್ಯಾಲಯ ಬಾ ಅನ್ನುತ್ತದೆ, ಅದರ ಸರ್ಕಾರ ಮಕ್ಕಳನ್ನು ಬಿಟ್ಟು ಬಾ ಅನ್ನುತ್ತದೆ. ಮದುವೆಗೆ ಕರೆದು ಎಲೆ ಹಾಕದ ಹಾಗಾಯಿತು. ಮೇಲೆ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್ ಬೇರೆ.

ಅಮೆರಿಕದಲ್ಲಿ ಇನ್ನೊಂದು ಬಗೆಯ ಎಡವಟ್ಟು. ಫ್ಲಾರಿಡಾ ವಿಶ್ವವಿದ್ಯಾಲಯ ಅಮೆಜಾನ್ ಸೀಮೆಯವರಿಗೆ ದಶಕಗಳಿಂದ ಪಾಠ ಹೇಳುತ್ತ ಬಂದಿದೆ. ಉಷ್ಣವಲಯದ ಸಂರಕ್ಷಣೆಯ ವಿಷಯದಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. 2023ರಲ್ಲಿ ಆ ರಾಜ್ಯ ಮಾಡಿದ ಕಾನೂನು ಏಳು ದೇಶಗಳನ್ನು ಕಳವಳದ ಪಟ್ಟಿಗೆ ಹಾಕಿತು. ಕ್ಯೂಬಾ, ವೆನೆಜುವೆಲಾ ಎರಡೂ ಅದರಲ್ಲಿವೆ. ಅಲ್ಲಿಂದ ಬಂದ ವಿದ್ಯಾರ್ಥಿಯನ್ನು ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುವುದಕ್ಕೂ ತೊಡಕಾಯಿತು. ವೆನೆಜುವೆಲಾದ ಕಾಡೂ ಅದೇ ಅಮೆಜಾನ್‌ನ ತುಂಡು ಎಂಬುದು ಶಾಸಕರಿಗೆ ಹೊಳೆದಂತಿಲ್ಲ.

ಕಾಡು ಒಂದೆಡೆ, ಅದರ ಪಾಠ ಇನ್ನೊಂದೆಡೆ ಇಡುವ ಚಾಳಿ ಹಳೆಯದು. ನಮ್ಮ ತೇಗ, ಬೀಟೆಯ ಕಾಡನ್ನು ಆಳಲು ಬರುವ ಸಾಹೇಬರು ಮೊದಲು ಫ್ರಾನ್ಸಿನ ನಾನ್ಸಿಯಲ್ಲಿ, 1885ರಿಂದ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ, 1905ರಿಂದ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1878ರಲ್ಲಿ ಡೆಹ್ರಾಡೂನ್‌ನಲ್ಲಿ ತೆರೆದ ಶಾಲೆ ರೇಂಜರ್ ದರ್ಜೆಯವರಿಗೆ. ಮೇಲಿನ ಕುರ್ಚಿಗೆ ದೂರದ ಪಾಠ, ಕೆಳಗಿನದಕ್ಕೆ ಹತ್ತಿರದ್ದು. ಕಾಡನ್ನು ಬಲ್ಲವರಿಗೆ ಪಾಠವೂ ಇಲ್ಲ, ಕುರ್ಚಿಯೂ ಇಲ್ಲ.

ಬಿಳಿಗಿರಿರಂಗನಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆ ಮಾತ್ರ ಸುಡುವ ಸಣ್ಣ ಉರಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು. ಲಂಟಾನ ಆಳೆತ್ತರ ಬೆಳೆದು ದಾರಿ ಮುಚ್ಚಿತು, ನೆಲ್ಲಿಮರಗಳ ಕೊಂಬೆಯಲ್ಲಿ ಬದನಿಕೆ ಹೆಚ್ಚಿತು. ಬದನಿಕೆಗೆ ಸೋಲಿಗರು ಉಪ್ಪಿಲು ಅನ್ನುತ್ತಾರೆ. ಬೆಂಕಿ ನಿಂತದ್ದರಿಂದಲೇ ಹೀಗಾಯಿತು ಎಂದು ಅವರು ಹೇಳುತ್ತ ಬಂದರು. ಆ ಮಾತು ವಿಜ್ಞಾನಿಗಳ ಕೈಯಲ್ಲಿ ಇಂಗ್ಲಿಷ್ ಜರ್ನಲ್‌ಗಳಿಗೆ ಏರಿದ ಮೇಲೆಯೇ ಚರ್ಚೆಗೆ ಯೋಗ್ಯವಾಯಿತು. ಹೇಳಿದವರು ಪ್ರಬಂಧದಲ್ಲಿ 'ಮಾಹಿತಿದಾರರು'.

ಹೊರದೇಶದ ಓದಿನಲ್ಲಿ ಏನೂ ಇಲ್ಲ ಅಂತಲ್ಲ. ಮಡಗಾಸ್ಕರ್‌ನವರು, ಕೊಲಂಬಿಯಾದವರು, ಇಂಡೋನೇಷ್ಯಾದವರು ಒಂದೇ ಬೆಂಚಿನಲ್ಲಿ ಕೂರುವುದೇ ದೊಡ್ಡ ಪಾಠ. ಆದರೆ ಆ ಬೆಂಚು ಚಳಿದೇಶದಲ್ಲೇ ಇರಬೇಕೇ? ತಾಂಜಾನಿಯಾದ ಮ್ವೆಕಾದಲ್ಲಿ ವನ್ಯಜೀವಿ ಕಾಲೇಜು 1963ರಿಂದ ಇದೆ, ಕಿಲಿಮಂಜಾರೊ ಬೆಟ್ಟದ ತಪ್ಪಲಲ್ಲಿ. ಕೋಸ್ಟರಿಕಾದ ಟುರಿಯಾಲ್ಬಾದಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2004ರಿಂದ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ. ದಾನಿಗಳು ವಿದ್ಯಾರ್ಥಿವೇತನದ ದುಡ್ಡನ್ನು ಇಂಥಲ್ಲಿ ಸುರಿದರೆ ವೀಸಾದ ಕಚೇರಿಯೆದುರು ಕೈಕಟ್ಟಿ ನಿಲ್ಲುವವರು ಕಡಿಮೆಯಾಗುತ್ತಾರೆ.

ಬ್ರಿಟನ್ನನ್ನು ಬೈದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮಲ್ಲೂ ಸಂರಕ್ಷಣೆಯ ಉನ್ನತ ಓದು ಇಂಗ್ಲಿಷಿನಲ್ಲೇ, ಬಾಗಿಲಲ್ಲಿ ಡಿಗ್ರಿಯ ಅಂಕಪಟ್ಟಿಯೇ. ಇಪ್ಪತ್ತು ವರ್ಷ ಆನೆಯ ಲದ್ದಿ, ಹುಲಿಯ ಹೆಜ್ಜೆ ನೋಡಿ ದಾರಿ ಹೇಳಿದ ವಾಚರ್‌ಗೆ ಅರ್ಜಿ ತುಂಬುವುದಕ್ಕೂ ಅರ್ಹತೆ ಇಲ್ಲ. ಸೋಲಿಗರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕಾಡಿನ ಮೇಲೆ ಹಕ್ಕಿದೆ ಎಂದು ಸರ್ಕಾರವೇ ಬರೆದುಕೊಟ್ಟವರಿಗೆ ಕಾಡಿನ ತರಗತಿಯಲ್ಲಿ ಜಾಗವಿಲ್ಲವೆಂದರೆ ಹೇಗೆ? ಮುಂದಿನ ಸಲ ಪ್ರವೇಶ ಅರ್ಜಿ ಅಚ್ಚು ಹಾಕುವವರು ಕಾಡಿನಲ್ಲಿ ಕಳೆದ ವರ್ಷಗಳಿಗೂ ಒಂದು ಕಾಲಂ ಇಡಲಿ, ಕನ್ನಡದಲ್ಲಿ ತುಂಬಬಹುದು ಎಂದು ಪಕ್ಕದಲ್ಲೇ ಬರೆಯಲಿ.